ಅನವಶ್ಯಕ ಭಾಗಗಳ ಬರಣಿ

ಸುರಪುರದ ಬಸ್ ಸ್ಟ್ಯಾಂಡಿನಿಂದ ಇಳಿಜಾರಿಗೆ ಇಳಿದರೆ ಎಡಗಡೆ ಮೂರನೆಯ ಅಂಗಡಿ ತಿಮ್ಮಣ್ಣನದು. ಬೋರ್ಡಿನ ಮೇಲೆ ‘ತಿಮ್ಮಣ್ಣ ಎಲೆಕ್ಟ್ರಾನಿಕ್ಸ್’ ಎಂದಿದೆ; ಅದರ ಕೆಳಗೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ ‘ಇಂಜಿನಿಯರ್’ ಎಂದಿದೆ. ಶಹಾಪುರದಲ್ಲಿ ಆರು ತಿಂಗಳ ರೇಡಿಯೋ ರಿಪೇರಿ ಕೋರ್ಸಿಗೆ ಸೇರಿ ನಾಲ್ಕು ತಿಂಗಳು ಹೋದವನನ್ನು ಇಂಜಿನಿಯರ್ ಎನ್ನಬಹುದೇ ಎಂಬುದು ವಿದ್ವಾಂಸರು ಚರ್ಚಿಸಬೇಕಾದ ವಿಷಯ. ಉಳಿದೆರಡು ತಿಂಗಳಲ್ಲಿ ಕಲಿಸುವುದು ಪವರ್ ಸಪ್ಲೈ ಒಂದೇ ಎಂದು ಕೇಳಿ, ‘ಕರೆಂಟು ಬರೂದು ತಂತಿಯಿಂದ, ಅದರಾಗ ಕಲಿಯೂದೇನೈತಿ’ ಎಂದು ಎದ್ದು ಬಂದಿದ್ದ. ಅವನ ಜೀವನದ ಮೊದಲನೆಯ ಸರಳೀಕರಣ ಅದು.

ತಿಮ್ಮಣ್ಣ ಏನು ಬಿಚ್ಚಿದರೂ ಮತ್ತೆ ಮುಚ್ಚುವ ಹೊತ್ತಿಗೆ ಎರಡು ಮೂರು ಸಾಮಾನು ಹೊರಗೆ ಉಳಿದಿರುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಗಿರಾಕಿಯ ಕಣ್ಣು ತಪ್ಪಿಸಿ ಅವನ್ನು ಜೇಬಿಗೆ ಇಳಿಸುತ್ತಿದ್ದರು. ತಿಮ್ಮಣ್ಣ ಗಿರಾಕಿಯ ಎದುರಿಗೇ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದ. “ನೋಡ್ರಿ, ಕಂಪನಿಯವ್ರು ಸುಮ್ನ ತುರುಕಿರ್ತಾರ. ಕೆಲಸಿಲ್ಲ ಬೊಗಸಿಲ್ಲ, ಒಳಗ ಕುಂತು ಕರೆಂಟು ತಿಂತಿರ್ತಾವ” ಎಂದು ಕಪಾಟಿನ ಗಾಜಿನ ಬರಣಿಗೆ ಟಣ್ಣೆಂದು ಹಾಕುತ್ತಿದ್ದ. ಹದಿನಾರು ವರ್ಷದಲ್ಲಿ ಬರಣಿ ಕುತ್ತಿಗೆಯವರೆಗೆ ತುಂಬಿತ್ತು. ಸುರಪುರ ತಾಲೂಕಿನ ಅರ್ಧ ಮನೆಗಳ ಯಂತ್ರಗಳು ಒಂದೊಂದು ಅಂಗ ಕಳೆದುಕೊಂಡು ಹೇಗೋ ಬದುಕಿಕೊಂಡಿದ್ದವು.

ಪಕ್ಕದ ಬಳೆ ಅಂಗಡಿಯ ಹಜರಾಬೀ ಒಂದು ದಿನ ಮಿಕ್ಸರ್ ಹಿಡಿದು ಜಗಳಕ್ಕೆ ಬಂದಳು. “ಏ ತಿಮ್ಮಣ್ಣಾ, ಇದಕ್ಕ ಮೂರು ಸ್ಪೀಡ್ ಇತ್ತು. ನೀ ರಿಪೇರಿ ಮಾಡಿದ ಮ್ಯಾಲ ಒಂದ ಐತಲ್ಲೋ!”

“ನಿಮ್ಮನ್ಯಾಗ ಚಟ್ನಿ ಎಷ್ಟು ನಮೂನಿ ಮಾಡ್ತೀರಿ ಆಪಾ?”

“ಒಂದ.”

“ಮತ್ತ? ಚಟ್ನಿ ಒಂದ, ಸ್ಪೀಡ್ ಮೂರು ಯಾಕ?”

“ಅಯ್ಯ ನಿನ್ನ! ಗುಂಡಿ ಒತ್ತಿದ್ರ ‘ಭುರ್ರ್’ ಅಂತ ಜೆಟ್ ಇಮಾನದಾಂಗ ಹಾರ್ತೈತಿ. ಚಟ್ನಿ ತಾಟಿಗೆ ಬೀಳವಲ್ದು, ಗ್ವಾಡಿಗೆ ಬೀಳಾಕತ್ತೈತಿ. ನಮ್ಮ ಮನಿಯವ್ರು ಗ್ವಾಡಿಗೆ ರೊಟ್ಟಿ ಹಚ್ಚಿ ತಿನ್ನಾಕತ್ತಾರ!”

ಅವಳ ಜಗಳವನ್ನು ತಿಮ್ಮಣ್ಣ ಹೊಗಳಿಕೆಯ ಲೆಕ್ಕಕ್ಕೆ ಹಿಡಿದ.

ಅವನ ಅಕ್ಕ ರೇಣಮ್ಮನನ್ನು ಕೊಟ್ಟಿದ್ದು ಹೊಳೆಯ ದಂಡೆಯ ಕರಿಗಲ್ಲಕ್ಕೆ. ಅಕ್ಕನ ಗಂಡ ಮಲ್ಕಪ್ಪನಿಗೆ ನೂರಾ ಹದಿನೆಂಟು ಕುರಿ. ಊರಿನೆದುರು ಹೊಳೆಯ ನಡುವೆ ಇರುವ ಕುರಿಗಡ್ಡಿ ಎಂಬ ನಡುಗಡ್ಡೆಯ ಮೇಲೆ ಮೊಣಕಾಲುದ್ದ ಹುಲ್ಲು. ಮೊಣಕಾಲುದ್ದ ನೀರು ದಾಟಿದರೆ ಸಾಕು. ಹಿಂಡಿನ ಮುಂದೆ ದೊರಿ ಎಂಬ ಟಗರು ನಡೆಯುತ್ತಿತ್ತು, ಅದರ ಕೊರಳಲ್ಲಿ ಹಿತ್ತಾಳೆಯ ಗಂಟೆ. ನೀರಿಗಿಳಿಯುವಾಗ ಕುರಿಗಳು ನೀರನ್ನೂ ನೋಡುವುದಿಲ್ಲ, ಮಲ್ಕಪ್ಪನ ಮುಖವನ್ನೂ ನೋಡುವುದಿಲ್ಲ; ಗಂಟೆ ಯಾವ ಕಡೆ ಹೋಯಿತೋ ಆ ಕಡೆ ಕಣ್ಣು ಮುಚ್ಚಿ ಹೋಗುತ್ತವೆ. ಆ ಗಂಟೆಯ ಕೊಂಡಿ ಸಡಿಲಾಗಿತ್ತು. ಬೇಸಗೆಯಲ್ಲಿ ಮಲ್ಕಪ್ಪ ಅದನ್ನು ಭಾವಮೈದುನನಿಗೆ ಬೆಸುಗೆ ಹಾಕಲು ಕೊಟ್ಟ. ತಿಮ್ಮಣ್ಣ ಹಾಕಿದ, ಗಟ್ಟಿಯಾಗಿಯೇ ಹಾಕಿದ. ಕೈಯಲ್ಲಿ ಗಂಟೆಯ ನಾಲಿಗೆ ಉಳಿಯಿತು.

“ಏನಲೇ ಇದು? ಗಂಟಿ ಸದ್ದ ಮಾಡವಲ್ದು!” ಎಂದ ಮಲ್ಕಪ್ಪ.

“ಒಳಗ ಬಡದು ಬಡದು ಗಂಟಿ ಸವೀತಿತ್ತು ಮಾಮಾ. ಈಗ ನೂರು ವರ್ಷ ಬಾಳ್ತೈತಿ.”

“ನೂರು ವರ್ಷ ಮೂಕ ಗಂಟಿ ತಗೊಂಡು ನಾ ಏನ್ ಮಾಡ್ಲೋ?”

“ಸದ್ದ ಬೇಕಾ? ತಗೋ, ಅದೇನ್ ದೊಡ್ಡ ಮಾತು. ಮುಂದಿನ ಸಂತಿಗೆ ಬಾ, ಹಾಕಿ ಕೊಡ್ತೀನಿ” ಎಂದು ನಾಲಿಗೆಯನ್ನು ಬರಣಿಗೆ ಹಾಕಿದ. ಮಲ್ಕಪ್ಪ ಹದಿಮೂರು ಸಂತೆಗೆ ಬಂದ. ಹದಿಮೂರು ಸಲವೂ ತಿಮ್ಮಣ್ಣನಿಗೆ ಮುಂದಿನ ಸಂತೆಯೇ ಅನುಕೂಲವಾಗಿ ಕಂಡಿತು.

ಹೀಗಿರುವಾಗ ಕರಿಗಲ್ಲದ ಪಂಚಾಯಿತಿಗೆ ವೈರ್‌ಲೆಸ್ ಸೆಟ್ಟು ಬಂತು. ಅಲ್ಲಿ ಫೋನಿನ ಟವರು ಸಿಗಬೇಕಾದರೆ ನೀರಿನ ಟ್ಯಾಂಕು ಹತ್ತಬೇಕು; ಗಡ್ಡಿಯ ಮೇಲಂತೂ ದೇವರು ಕರೆದರೂ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’. ಆದ್ದರಿಂದ ಮೂರು ಬ್ಯಾಂಡಿನ ಸೆಟ್ಟು. ಒಂದರಲ್ಲಿ ಮೇಲಿನ ಡ್ಯಾಮಿನೊಡನೆ ಮಾತು, ಒಂದರಲ್ಲಿ ತಾಲೂಕಿನ ಕಚೇರಿಯೊಡನೆ, ಇನ್ನೊಂದರಲ್ಲಿ ಮಲ್ಕಪ್ಪನ ಕೈಗೆ ಸಹಿ ಹಾಕಿಸಿಕೊಂಡು ಕೊಟ್ಟ ಕೈಸೆಟ್ಟಿನೊಡನೆ. ಡ್ಯಾಮಿನವರು ನೀರು ಬಿಡುವ ಮುನ್ನ ಪಂಚಾಯಿತಿಗೆ ಹೇಳಬೇಕು, ಪಂಚಾಯಿತಿಯವರು ಗಡ್ಡಿಗೆ ಹೇಳಬೇಕು, ಮಲ್ಕಪ್ಪ ಕುರಿ ಹೊಡೆದುಕೊಂಡು ದಾಟಬೇಕು. ಮಲ್ಕಪ್ಪನ ಅಪ್ಪ ನೊರೆಯ ಬಣ್ಣ ನೋಡಿ ನೀರು ಬರುವುದನ್ನು ಹೇಳುತ್ತಿದ್ದ. “ಇನ್ನ ನೊರಿ-ಗಿರಿ ನೋಡಬ್ಯಾಡ, ಡಬ್ಬಿ ಹೇಳಿದಾಗ ಬಾ” ಎಂದು ಪಂಚಾಯಿತಿ ಅಧ್ಯಕ್ಷ ರಂಗಣ್ಣ ಮಲ್ಕಪ್ಪನಿಗೆ ತಾಕೀತು ಮಾಡಿದ.

ಸೆಟ್ಟಿನ ಬೆನ್ನಿಗೆ ನಾಲ್ಕು ಪವರ್ ಡಬ್ಬಿಗಳಿದ್ದವು. ಹೇಳುವ ಭಾಗಕ್ಕೊಂದು, ಕೇಳುವ ಭಾಗಕ್ಕೊಂದು, ಬ್ಯಾಂಡು ಬದಲಿಸುವ ಭಾಗಕ್ಕೊಂದು, ಅಂಕಿ ತೋರಿಸುವ ದೀಪಕ್ಕೊಂದು. ಪಂಚಾಯಿತಿಯಲ್ಲಿ ಪ್ಲಗ್ಗು ಇದ್ದದ್ದು ಮೂರು; ಒಂದು ಫ್ಯಾನಿನದು, ಇನ್ನೊಂದು ರಂಗಣ್ಣನ ಫೋನು ಚಾರ್ಜ್ ಮಾಡುವುದು. ಆ ಎರಡನ್ನೂ ಮುಟ್ಟುವಂತಿಲ್ಲ, ಉಳಿದದ್ದು ಒಂದೇ. ವೈರ್‌ಲೆಸ್ ಯೋಜನೆಯ ಮೇಲಧಿಕಾರಿ ಕಾಂತೇಶ ಸಾಹೇಬರು ಬಂದು ನೋಡಿದರು. ಸಾಹೇಬರು ಮೈಸೂರು ಕಡೆಯವರು. ಅವರ ಯಾವ ವಾಕ್ಯವೂ ‘ದೃಷ್ಟಿ’ ಇಲ್ಲದೆ ಹೊರಗೆ ಕಾಲಿಡುತ್ತಿರಲಿಲ್ಲ.

“ಸರಳೀಕರಣದ ದೃಷ್ಟಿಯಿಂದ, ನಾಲ್ಕನ್ನೂ ಒಂದು ಮಾಡಬಲ್ಲ ತಜ್ಞರು ಸ್ಥಳೀಯ ದೃಷ್ಟಿಯಿಂದ ಯಾರಾದರೂ ಇದ್ದಾರೆಯೇ?”

ರಂಗಣ್ಣ ತಿಮ್ಮಣ್ಣನ ಹೆಸರು ಹೇಳಿದ. ತಿಮ್ಮಣ್ಣ ಬಂದು ಸೆಟ್ಟಿನ ಮುಚ್ಚಳ ತೆಗೆದ. ಒಳಗಿನ ಸಂಸಾರ ನೋಡಿ ಅವನ ಕಣ್ಣು ತುಂಬಿ ಬಂತು. ಇಷ್ಟು ಅನವಶ್ಯಕ ಸಾಮಾನನ್ನು ಅವನು ಒಂದೇ ಕಡೆ ಎಂದೂ ಕಂಡಿರಲಿಲ್ಲ.

“ಏನ್ ದುಂದು ಸಾಹೇಬ್ರ ಇದು! ಎಲ್ಲಾ ಒಂದ ಡಬ್ಬಿ ಒಳಗಿನ ಭಾಗ, ಒಂದ ತಾಯಿ ಮಕ್ಕಳು. ಒಬ್ಬೊಬ್ಬರಿಗೆ ಒಂದೊಂದು ಒಲಿ ಯಾಕ?”

ಎರಡು ದಿನದಲ್ಲಿ ನಾಲ್ಕು ಡಬ್ಬಿ ಹೋಗಿ, ಮೊಬೈಲ್ ಚಾರ್ಜರಿನ ದೊಡ್ಡಣ್ಣನಂಥ ಒಂದು ಹಲಗೆ ಬಂತು. ನಡುವೆ ಅಡ್ಡ ಕೂತಿದ್ದ ಎರಡು ಕಪ್ಪು ಉಂಗುರದ ಸುರುಳಿ, ಮೂರು ಕೆಪಾಸಿಟರು ಬರಣಿ ಸೇರಿದವು. ಹೇಳುವ ಭಾಗಕ್ಕೆ ಬೇಕಾದದ್ದು ಜೋರು ಕರೆಂಟು, ಕೇಳುವ ಭಾಗಕ್ಕೆ ಬೇಕಾದದ್ದು ಗದ್ದಲವಿಲ್ಲದ ಕರೆಂಟು, ಒಂದರ ಗದ್ದಲ ಇನ್ನೊಂದರ ಕಿವಿಗೆ ಬೀಳದಂತೆ ಬಾಗಿಲು ಕಾಯುವವೇ ಆ ಉಂಗುರಗಳು ಎಂಬ ಪಾಠ ಇದ್ದದ್ದು, ನಮ್ಮ ನಾಯಕ ಬಿಟ್ಟುಬಂದ ಎರಡು ತಿಂಗಳಲ್ಲಿ.

ಸೆಟ್ಟು ಹಚ್ಚಿದ ಕೂಡಲೇ ಚರ್ರೋ ಎಂದು ಹುರಿಗಡಲೆಯ ಬಾಣಲೆಯಂತೆ ಸದ್ದು ಮಾಡಿತು. ತಿಮ್ಮಣ್ಣ ಮುಂದಿನ ಗುಂಡಿಗಳಲ್ಲಿ ಒಂದನ್ನು ಬಲಕ್ಕೆ ತಿರುಗಿಸಿದ. ಗದ್ದಲ ಕೇಳಿಸದಂತೆ ಸೆಟ್ಟಿನ ಕಿವಿ ಮುಚ್ಚುವ ಗುಂಡಿ ಅದು. ಜಾಸ್ತಿ ತಿರುಗಿಸಿದರೆ ಗದ್ದಲದೊಡನೆ ಸಣ್ಣ ಧ್ವನಿಗಳೂ ಹೊರಗುಳಿಯುತ್ತವೆ. ತಿಮ್ಮಣ್ಣ ಪೂರ್ತಿ ತಿರುಗಿಸಿದ. ಸದ್ದು ಅಡಗಿತು. ಸೆಟ್ಟು ಧ್ಯಾನಕ್ಕೆ ಕೂತಿತು.

“ಬೇರೆ ಊರಿನ ಸೆಟ್ಟು ದಿನಾ ಇಡೀ ಗೊರ್ ಅಂತಾವ. ಇದು ನೋಡ್ರಿ, ಗುಡಿ ಇದ್ದಾಂಗೈತಿ!” ಎಂದ ರಂಗಣ್ಣ.

ಉದ್ಘಾಟನೆಗೆ ಹೂವು, ಕಾಯಿ, ಬಾಳೆಕಂಬ. ಮಲ್ಕಪ್ಪ, ರೇಣಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ತನ್ನ ತಮ್ಮ ಸೆಟ್ಟಿನ ಮುಚ್ಚಳ ತೆಗೆದು ತೋರಿಸಿದಾಗಲೆಲ್ಲ ರೇಣಮ್ಮ ಸೆರಗು ಸರಿಮಾಡಿಕೊಂಡಳು. ಸಾಹೇಬರು ಡ್ಯಾಮಿನ ಬ್ಯಾಂಡು ಹಚ್ಚಿ ಹನ್ನೆರಡು ನಿಮಿಷ ಮಾತಾಡಿದರು. ರಂಗಣ್ಣ ‘ಹಲೋ, ಹಲೋ, ಮೈಕ್ ಟೆಸ್ಟಿಂಗ್, ನಾನು ಅಧ್ಯಕ್ಷ’ ಎಂದು ಐದು ನಿಮಿಷ ತನ್ನ ಪರಿಚಯವನ್ನು ಡ್ಯಾಮಿಗೆ ಹೇಳಿದ. ಉಪಾಧ್ಯಕ್ಷರು, ಸದಸ್ಯರು ಎಲ್ಲರೂ ಹೇಳಿದರು. ಹೇಳಿ ಮುಗಿದ ಮೇಲೆ ಎಲ್ಲರೂ ಡಬ್ಬಿಯ ಮುಖ ನೋಡಿದರು. ಡಬ್ಬಿ ಸುಮ್ಮನಿತ್ತು.

“ಉತ್ತರ ಬರಲಿಲ್ಲವಲ್ಲ” ಎಂದರು ಸಾಹೇಬರು, ಸಣ್ಣಗೆ.

“ಹೆಂಗ ಬರ್ತೈತ್ರಿ?” ಎಂದ ರಂಗಣ್ಣ. “ನಿಮ್ಮಂಥ ದೊಡ್ಡವ್ರು ಮಾತಾಡಿದ ಮ್ಯಾಲ ಎದರ ಮಾತಾಡೋ ಧೈರ್ಯ ಆ ಆಪರೇಟರಗ ಎಲ್ಲಿಂದ ಬರ್ಬೇಕು? ಮರ್ಯಾದಿ ಇಟ್ಟು ಸುಮ್ನಿದ್ದಾನ.”

ಸಾಹೇಬರ ಮುಖ ಅರಳಿತು. “ಶಿಸ್ತಿನ ದೃಷ್ಟಿಯಿಂದ ಮೆಚ್ಚಬೇಕಾದ್ದೇ.” ಚಪ್ಪಾಳೆ ಬಿತ್ತು. ಮೂಲೆಯಲ್ಲಿ ಪಂಚಾಯಿತಿ ಗುಮಾಸ್ತ ಬುದ್ಧಪ್ರಿಯ ಕೈಪಿಡಿ ಹಿಡಿದು, “ಸರ್, ಕೇಳೂದನ್ನ ಒಮ್ಮಿ ಪರೀಕ್ಷೆ…” ಎಂದ. ತಾಲೂಕಿನಲ್ಲಿ ಕೈಪಿಡಿ ಓದಿದವನು ಅವನೊಬ್ಬನೇ. ಕೇಳುವ ಕೆಲಸಕ್ಕೆ ನೇಮಕವಾದವನೂ ಅವನೇ. “ಏ, ಭಾಷಣದ ನಡಬರಕ ಅಡ್ಡ ಬಾಯಿ ಹಾಕಬ್ಯಾಡ” ಎಂದು ರಂಗಣ್ಣ ಕೂರಿಸಿದ.

ಹನ್ನೊಂದನೆಯ ದಿನ ಬುದ್ಧಪ್ರಿಯ ಸುರಪುರದ ಅಂಗಡಿಗೆ ಬಂದ. ಕಂಕುಳಲ್ಲಿ ದಾಖಲೆ ಪುಸ್ತಕ. ಬಿಚ್ಚಿ ತೋರಿಸಿದ. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಡ್ಯಾಮಿನವರು ನೀರಿನ ಮಟ್ಟ ಹೇಳಬೇಕಾದ ಕಡೆ ದುಂಡಗಿನ ಅಕ್ಷರದಲ್ಲಿ ‘ಮೌನ’, ‘ಮೌನ’, ‘ಮೌನ’ ಎಂದು ಹತ್ತು ಸಾಲು.

“ಅಣ್ಣಾ, ಮಲ್ಕಪ್ಪಣ್ಣ ಗಡ್ಡಿಯಿಂದ ಮಾತಾಡಿದ್ರ ಚಲೋ ಕೇಳ್ತೈತಿ. ಸಮೀಪದ್ದು, ಜೋರು ಬರ್ತೈತಿ. ಡ್ಯಾಮು ದೂರ. ಅಲ್ಲಿಂದ ಬರೂದು ಸಣ್ಣ ಧ್ವನಿ. ಆ ಗುಂಡಿ ಹಿಂದಕ್ಕ ತಿರುಗಿಸಿದ್ರ ಬರೇ ಚರ್ರ್ ಅಂತೈತಿ, ಮುಂದಕ್ಕ ತಿರುಗಿಸಿದ್ರ ಏನೂ ಇಲ್ಲ. ನಿನ್ನ ಡಬ್ಬಿ ಕಿವುಡೈತಿ.”

ತಿಮ್ಮಣ್ಣ ನಕ್ಕ. ಆಮೇಲೆ ಬುದ್ಧಪ್ರಿಯ ನಗಲಿಲ್ಲವೆಂದು ತಾನೂ ನಿಲ್ಲಿಸಿದ. ಗಡ್ಡಿ ಕಣ್ಣ ಮುಂದೆ ಬಂತು. ಅಕ್ಕ ಒಲೆ ಹೂಡಿ ರೊಟ್ಟಿ ಬಡಿಯುವ ಜಾಗ, ಹೊಳೆಯ ಮಟ್ಟಕ್ಕಿಂತ ಎರಡಾಳು ಎತ್ತರ. ಆಗಸ್ಟ್ ತಿಂಗಳು. ಮೇಲೆ ಮಳೆ.

ಅಂದೇ ಶಹಾಪುರಕ್ಕೆ ಓಡಿದ. ಸಾಹೇಬರು ಅಲ್ಲಿನ ಪ್ರವಾಸಿ ಮಂದಿರದಲ್ಲಿ ಊಟ ಮುಗಿಸಿ ಹಲ್ಲು ಚುಚ್ಚಿಕೊಳ್ಳುತ್ತಿದ್ದರು.

“ಸಾಹೇಬ್ರ, ತಪ್ಪಾಗೈತ್ರಿ. ಡಬ್ಬಿ ಹೇಳ್ತೈತ್ರಿ, ಕೇಳವಲ್ದ್ರಿ.”

“ತಿಮ್ಮಣ್ಣನವರೇ, ನಿಮ್ಮ ವಿನಯ ದೊಡ್ಡದು.”

“ವಿನಯ ಅಲ್ರಿ. ನಾ ತಗದ ಸಾಮಾನು ಬೇಕಾಗಿದ್ದವ್ರಿ. ನನಗ ತಿಳೀಲಿಲ್ಲ.”

“ನೋಡಿ, ಇದೇ ನಿಜವಾದ ತಜ್ಞನ ಲಕ್ಷಣ” ಎಂದು ಸಾಹೇಬರು ಪಕ್ಕದಲ್ಲಿದ್ದ ಇನ್ನೊಬ್ಬ ಅಧಿಕಾರಿಗೆ ಹೇಳಿದರು. “ಎಲ್ಲ ತಿಳಿದವನೇ ತಿಳಿಯಲಿಲ್ಲ ಅನ್ನುತ್ತಾನೆ. ನಮ್ಮಲ್ಲಿ ನೋಡಿ, ಒಬ್ಬರಾದರೂ ಹಾಗೆ ಹೇಳಿದ್ದುಂಟೆ?”

“ಇಲ್ಲ ಸರ್” ಎಂದರು ಆ ಅಧಿಕಾರಿ, ಹೆಮ್ಮೆಯಿಂದ.

“ಸಾಹೇಬ್ರ, ನಮ್ಮ ಅಕ್ಕ ಗಡ್ಡಿ ಮ್ಯಾಲ ಅದಾಳ್ರಿ! ಕಾಲು ಹಿಡ್ಕೋತೀನ್ರಿ, ಆ ಹಳೇ ನಾಲ್ಕು ಡಬ್ಬಿ ವಾಪಸ್ ಹಾಕೂನ್ರಿ!”

ಕಾಲು ಹಿಡಿದೇಬಿಟ್ಟ. ಸಾಹೇಬರು ಕಣ್ಣೊರೆಸಿಕೊಂಡು ಅವನ ಬೆನ್ನು ತಟ್ಟಿದರು. “ಸಂಭ್ರಮದಲ್ಲಿ ಹೀಗಾಗುತ್ತದೆ. ಸುದ್ದಿ ನಿಮಗೆ ಮೊದಲೇ ತಿಳಿದುಬಿಟ್ಟಿದೆ ಅಂತ ಕಾಣುತ್ತದೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸುರಪುರದಲ್ಲಿ ನಿಮಗೆ ಸನ್ಮಾನ. ಇನ್ನೂ ಹನ್ನೆರಡು ಊರಿನ ಸೆಟ್ಟುಗಳು ನಿಮ್ಮ ಕೈಗೇ ಬರುತ್ತವೆ. ಆ ಬರಣಿ ಇದೆಯಂತಲ್ಲ, ಪ್ರದರ್ಶನದ ದೃಷ್ಟಿಯಿಂದ ಅದನ್ನೂ ತನ್ನಿ.”

ಸನ್ಮಾನ ಎಂಬ ಮಾತು ಕಿವಿಗೆ ಬಿದ್ದಾಗ ತಿಮ್ಮಣ್ಣನ ಕೈ ಕಾಲಿನಿಂದ ಸಡಿಲಾಯಿತು. ಇದನ್ನು ಓದುಗರಿಂದ ಮುಚ್ಚಿಡುವುದು ಸರಿಯಲ್ಲ. ‘ಒಂದ ದಿನದ ಮಾತು. ಶಾಲು ಹೊದಿಸ್ಕೊಂಡು ಮಧ್ಯಾಹ್ನ ಹೋಗಿ ರಿಪೇರಿ ಮಾಡಿಬಿಡ್ತೀನಿ’ ಎಂದು ಬಸ್ಸಿನಲ್ಲಿ ತನಗೆ ತಾನೇ ಹೇಳಿಕೊಂಡ. ಅದೂ ಒಂದು ಮುಂದಿನ ಸಂತೆಯೇ.

ಮರುದಿನ ವೇದಿಕೆಯ ಮೇಲೆ ಕೆಂಪು ಬಟ್ಟೆ ಹಾಸಿದ ಮೇಜು, ಅದರ ಮೇಲೆ ಬರಣಿ. ಬರಣಿಗೆ ಚೀಟಿ: ‘ಅನವಶ್ಯಕ ಭಾಗಗಳು’. ಕರಿಗಲ್ಲದಲ್ಲಿ ಫೋನು ಇದ್ದವರನ್ನೆಲ್ಲ ರಂಗಣ್ಣ ಎರಡು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಚಪ್ಪಾಳೆಗೆ ತಂದಿದ್ದ. ಫೋನು ಇದ್ದವರಲ್ಲಿ ಊರಲ್ಲಿ ಉಳಿದವನು ಬುದ್ಧಪ್ರಿಯನೊಬ್ಬನೇ. ತಗಡಿನ ಚಾವಣಿಯ ಕೆಳಗೆ, ಟವರಿಲ್ಲದ ಕಡೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮೌನ ಕೇಳುತ್ತ ಕೂತಿದ್ದ.

ಶಾಲು ಬಿತ್ತು, ಹಾರ ಬಿತ್ತು. ಸಾಹೇಬರು ಮೈಕಿನ ಮುಂದೆ ನಿಂತಿದ್ದಾಗ ಅವರ ಫೋನು ಹೊಡೆದುಕೊಂಡಿತು. ಮೈಕು ಅವರ ಮಾತನ್ನೆಲ್ಲ ಸಭೆಗೆ ಹಂಚಿತು.

“ಹಾಂ? ನೀರು ಬಿಟ್ಟಿರಾ? ಬೆಳಿಗ್ಗೆಯೇ? ಕರಿಗಲ್ಲದವರು ಉತ್ತರ ಕೊಡುತ್ತಿಲ್ಲವೇ? ಆ ದೃಷ್ಟಿಯಿಂದ ಚಿಂತೆ ಬೇಡ ಸ್ವಾಮಿ. ಅಲ್ಲಿ ಇರುವುದು ನಮ್ಮ ತಿಮ್ಮಣ್ಣನ ಡಬ್ಬಿ!”

ಸಭೆ ಚಪ್ಪಾಳೆ ತಟ್ಟಿತು.

ತಿಮ್ಮಣ್ಣ ಬರಣಿಯನ್ನು ಎತ್ತಿ ಎದೆಗವಚಿಕೊಂಡು ವೇದಿಕೆಯಿಂದ ಧುಮುಕಿದ. ಹಾರ ಹಾಕಿಸಿಕೊಂಡವನು ಹಾರಿದ್ದನ್ನು ಸುರಪುರ ಅದೇ ಮೊದಲು ನೋಡಿದ್ದು. “ಮನುಷ್ಯ ಭಾವುಕನಾಗಿದ್ದಾನೆ” ಎಂದರು ಸಾಹೇಬರು. ಸಭೆ ಇನ್ನೊಮ್ಮೆ ಚಪ್ಪಾಳೆ ತಟ್ಟಿತು. ಅವನ ಹಳೆಯ ಮೊಪೆಡ್ಡು ಕರಿಗಲ್ಲಕ್ಕೆ ಹೋಗುವ ತಿಂಥಣಿಯ ದಾರಿ ಹಿಡಿದಾಗ ಬಳೆ ಅಂಗಡಿಯಿಂದ ಹಜರಾಬೀ ಕೂಗಿದಳು: “ಏ ತಿಮ್ಮಣ್ಣಾ, ನನ್ನ ಮಿಕ್ಸರಿನ ಸಾಮಾನೂ ತಗೊಂಡು ಎಲ್ಲಿ ಓಡಾಕತ್ತೀಯೋ?”

ಪಂಚಾಯಿತಿಗೆ ಬಂದಾಗ ಬುದ್ಧಪ್ರಿಯ ಗಡ್ಡಿಯ ಬ್ಯಾಂಡಿನಲ್ಲಿ ಮಾತಾಡುತ್ತಿದ್ದ. ಡಬ್ಬಿಯಿಂದ ಮಲ್ಕಪ್ಪನ ಧ್ವನಿ ಪಕ್ಕದಲ್ಲೇ ಕೂತವನ ಧ್ವನಿಯಂತೆ ಬರುತ್ತಿತ್ತು.

“ಹೊಳಿ ಸೊಂಟಮಟ ಬಂದೈತಿ. ಕುರಿ ಮ್ಯಾಲ ದಿಬ್ಬದ ಮ್ಯಾಲ ಅದಾವ. ನಮ್ಮ ಮನಿಯಾಕಿ ಮುಂಜಾಲಿಂದ ಹೇಳಾಕತ್ತಾಳ, ನೊರಿ ಕೆಂಪಾಗೈತಿ, ಹೋಗೂನು ಅಂತ. ನಾ ಅಂದೆ, ತಿಮ್ಮನ ಡಬ್ಬಿ ಇನ್ನ ಹೇಳಿಲ್ಲ, ಹೇಳ್ತೈತಿ ತಡಿ ಅಂದೆ. ಡ್ಯಾಮಿನವ್ರು ಏನ್ ಅಂತಾರ? ನೀರು ಇಳೀತೈತೋ ಏರ್ತೈತೋ?”

ತಿಮ್ಮಣ್ಣ ಮೈಕು ಕಸಿದುಕೊಂಡ. “ಮಾಮಾ, ನಾ ತಿಮ್ಮ. ಡಬ್ಬಿಗೆ ಡ್ಯಾಮಿನ ಮಾತು ಕೇಳಂಗಿಲ್ಲ.”

“ಏನ್ ಅಂದಿ?”

“ನನ್ನ ಡಬ್ಬಿ ಕಿವುಡು ಮಾಮಾ. ಮೊದಲ ದಿನದಿಂದ.”

ಮಲ್ಕಪ್ಪ ಹೇಳಿದ: “ನಿನ್ನ ಮಾತರ ಬಾಳ ಸ್ವಚ್ಛ ಕೇಳಾಕತ್ತೈತಲ್ಲೋ.”

ನೀರು ಏರುತ್ತದೋ ಇಳಿಯುತ್ತದೋ ಗೊತ್ತಿಲ್ಲದೆ ಬಾ ಎನ್ನುವಂತೆಯೂ ಇಲ್ಲ, ಇರು ಎನ್ನುವಂತೆಯೂ ಇಲ್ಲ; ತಿಮ್ಮಣ್ಣ ಬರಣಿಯನ್ನು ನೆಲಕ್ಕೆ ಸುರಿದ. ಹದಿನಾರು ವರ್ಷದ ಸ್ಕ್ರೂ, ಸ್ಪ್ರಿಂಗು, ಚಕ್ರ, ಸುರುಳಿ ಕೋಣೆ ತುಂಬ ಹರಡಿದವು. ಬುದ್ಧಪ್ರಿಯ ಕೈಪಿಡಿಯ ಚಿತ್ರ ಹಿಡಿದು ಮೊಣಕಾಲೂರಿದ. ಪೆನ್ನಿಡುವ ಜೇಬಿನಲ್ಲಿ ಬೆಸುಗೆ ಕಡ್ಡಿ ಇಟ್ಟುಕೊಳ್ಳುವ ಶೋಕಿ ತಿಮ್ಮಣ್ಣನಿಗೆ ಅಂದು ಮೊದಲ ಸಲ ಉಪಯೋಗಕ್ಕೆ ಬಂತು. ಅದಕ್ಕೆ ಪ್ಲಗ್ಗು ಬೇಕಾದಾಗ ಬುದ್ಧಪ್ರಿಯ ರಂಗಣ್ಣನ ಚಾರ್ಜರನ್ನು ಕಿತ್ತು ಮೂಲೆಗೆ ಎಸೆದ. ಆ ಪಂಚಾಯಿತಿಯ ಇತಿಹಾಸದಲ್ಲಿ ಅದೊಂದು ಬಂಡಾಯ.

“ಇದಾ?” “ಅಲ್ಲ, ಅದು ಫ್ಯಾನಿಂದು.” “ಇದು?” “ಅದು ಸಾವಿತ್ರಿಬಾಯಿ ಟೀಚರ ರೇಡಿಯೋದ್ದು.” ಒಂದು ಕಪ್ಪು ಉಂಗುರ ಸಿಕ್ಕಿತು. ಕೆಪಾಸಿಟರುಗಳು ಸಿಕ್ಕವು. ಇನ್ನೊಂದು ಉಂಗುರ ಬಾಗಿಲ ಸಂದಿಯಲ್ಲಿತ್ತು. ತಿಮ್ಮಣ್ಣನ ಹಾರದ ಹೂವು ಒಂದೊಂದೇ ಕಾದ ಕಡ್ಡಿಗೆ ತಾಗಿ ಚುಂಯ್ ಎನ್ನುತ್ತಿದ್ದವು. ಮುಕ್ಕಾಲು ತಾಸಿನ ಮೇಲೆ ಅವನು ಗುಂಡಿಯನ್ನು ಎಡಕ್ಕೆ ತಿರುಗಿಸಿದ.

ಗೊರ್ ಎಂಬ ಸದ್ದು. ಸದ್ದಿನ ಹಿಂದೆ, ಬಾವಿಯ ತಳದಿಂದ ಬಂದಂತೆ, ಬಿದ್ದುಹೋದ ಗಂಟಲಿನ ಒಂದು ಧ್ವನಿ.

“ಕರಿಗಲ್ಲ… ಕರಿಗಲ್ಲ… ಡ್ಯಾಮಿಂದ ಅಬ್ರಾರ ಮಾತಾಡಾಕತ್ತೀನಿ. ಹನ್ನೆರಡು ದಿನ ಆತು ಕರ್ಯಾಕತ್ತು. ಯಾರರ ಅದೀರೇನ್ರಿ ಅಲ್ಲಿ? ಅಲ್ಲಾಕೆ ವಾಸ್ತೆ, ಯಾರರ ಒಬ್ಬರು ಹೂಂ ಅನ್ರಿ.”

“ಹೂಂ” ಎಂದ ಬುದ್ಧಪ್ರಿಯ. ಅವನ ಕಣ್ಣಲ್ಲಿ ನೀರು.

“ಯಾ ಅಲ್ಲಾ! ಬರಕೋರಿ, ಲಗೂನ ಬರಕೋರಿ. ಮುಂಜಾನೆ ಬಿಟ್ಟಿದ್ದು ಸಣ್ಣ ನೀರು. ದೊಡ್ಡ ನೀರು ಅದರ ಹಿಂದ ಐತಿ. ಇನ್ನ ಒಂದು ತಾಸಿನಾಗ ನಿಮ್ಮ ಊರಿಗೆ. ಗಡ್ಡಿ ಮ್ಯಾಲ ಒಬ್ಬರೂ ಇರಬಾರದು. ದಿಬ್ಬನೂ ಉಳಿಯಂಗಿಲ್ಲ.”

ಅಂಬಿಗರನ್ನು ಕರೆಯಲು ಬುದ್ಧಪ್ರಿಯ ಓಡಿದ. ತಿಮ್ಮಣ್ಣ ಗಡ್ಡಿಯ ಬ್ಯಾಂಡಿಗೆ ತಿರುಗಿಸಿದ. “ಮಾಮಾ, ಹರಗೋಲು ಬರಾಕತ್ತೈತಿ. ಕುರಿ ಬಿಟ್ಟು ಬರ್ರಿ.”

“ಕುರಿ ಬಿಟ್ಟ ಹೆಂಗ ಬರ್ಲೋ? ದೊರೀನ ನೀ‍ರಿಗೆ ಇಳಸ್ತೀನಿ. ಅದು ಈಸ್ತೈತಿ. ಅದರ ಹಿಂದ ಎಲ್ಲಾ ಬರ್ತಾವ.”

ಡಬ್ಬಿಯ ಮುಂದೆ ಒಬ್ಬನೇ ಕೂತ ತಿಮ್ಮಣ್ಣನಿಗೆ ಮಲ್ಕಪ್ಪನ ಕೂಗು, ರೇಣಮ್ಮನ ಕೂಗು, ನೀರಿನ ಸದ್ದು ಎಲ್ಲ ಕೇಳುತ್ತಿತ್ತು. ಕೈಸೆಟ್ಟಿನ ಗುಂಡಿಯಿಂದ ಬೆರಳು ತೆಗೆಯಲು ಮಲ್ಕಪ್ಪ ಮರೆತಿದ್ದ.

“ಇಳೀತು… ದೊರಿ ಈಸಾಕತ್ತೈತಿ… ಏ, ಹೋಗ್ರಿ, ಹೋಗ್ರಿ! ಹುರ್ರಾ! ಹುರ್ರಾ!” ಸ್ವಲ್ಪ ಹೊತ್ತು. “ಹಿಂದ ಒಂದೂ ಇಳೀವಲ್ವು. ಸುಮ್ನ ನಿಂತು ನೋಡಾಕತ್ತಾವ.” ಇನ್ನೂ ಸ್ವಲ್ಪ ಹೊತ್ತು. ಆಮೇಲೆ, ಬೈಗುಳವೂ ಅಲ್ಲದ, ದೂರೂ ಅಲ್ಲದ, ಸುದ್ದಿ ಹೇಳುವ ಧ್ವನಿಯಲ್ಲಿ: “ತಿಮ್ಮಾ, ಗಂಟಿ ಸದ್ದ ಮಾಡವಲ್ದೋ.”

ತಿಮ್ಮಣ್ಣನ ಕಾಲ ಬುಡದಲ್ಲಿ, ಸ್ಕ್ರೂಗಳ ನಡುವೆ, ಹಿತ್ತಾಳೆಯ ನಾಲಿಗೆ ಬಿದ್ದಿತ್ತು.

ಹರಗೋಲು ಇಬ್ಬರನ್ನು ಕರೆತಂದಿತು. ರೇಣಮ್ಮ ನಡುಗುತ್ತಿದ್ದಳು. ಮಲ್ಕಪ್ಪ ಕುತ್ತಿಗೆವರೆಗೆ ತೊಯ್ದು, ಬಲಗೈ ಮಾತ್ರ ಮೇಲೆತ್ತಿಕೊಂಡಿದ್ದ. ಅದರಲ್ಲಿ ಕೈಸೆಟ್ಟು, ಒಂದು ಹನಿ ತಾಗದಂತೆ. “ಸರಕಾರದ್ದು. ಸಹಿ ಮಾಡೀನಿ” ಎಂದು ಬುದ್ಧಪ್ರಿಯನ ಕೈಗೆ ಕೊಟ್ಟ. ಹಿಂದೆ ತಿರುಗಿ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ಕುರಿಗಳ ಕೂಗು ದಂಡೆಯವರೆಗೆ ಕೇಳುತ್ತಿತ್ತು. ಒಂದು ತಾಸಿಗೆ ಸರಿಯಾಗಿ ದೊಡ್ಡ ನೀರು ಬಂತು; ಅಬ್ರಾರನ ಮಾತು ಒಂದು ನಿಮಿಷವೂ ಹೆಚ್ಚು ಕಡಿಮೆಯಾಗಲಿಲ್ಲ. ಆಮೇಲೆ ಕೇಳಲಿಲ್ಲ. ದೊರಿಯೂ ದಂಡೆಗೆ ಬರಲಿಲ್ಲ.

ತಿಮ್ಮಣ್ಣ ಸನ್ಮಾನದ ಶಾಲನ್ನು ಅಕ್ಕನಿಗೆ ಹೊದಿಸಿದ. ಅವಳು ಅದನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಅವನ ಕೈಯಲ್ಲಿಟ್ಟು ಮನೆಗೆ ನಡೆದಳು.

ಸಾಹೇಬರ ವರದಿ ಮೂರೇ ಸಾಲಿನದು, ಸರಳವಾಗಿತ್ತು: ಪ್ರವಾಹ ಬಂತು, ಏಕ-ಸಪ್ಲೈ ಸೆಟ್ಟಿನ ಸಕಾಲಿಕ ನೆರವಿನಿಂದ ಎರಡು ಜೀವ ಉಳಿದವು, ಜೀವಹಾನಿ ಇಲ್ಲ. ಕುರಿಗಳು ಜೀವದ ದೃಷ್ಟಿಯಿಂದ ಲೆಕ್ಕಕ್ಕೆ ಬಂದಿರಲಿಲ್ಲ. ವಾರದಲ್ಲಿ ಹನ್ನೆರಡು ಊರಿನ ಸೆಟ್ಟುಗಳು, ನಲವತ್ತೆಂಟು ಪವರ್ ಡಬ್ಬಿಗಳು ತಿಮ್ಮಣ್ಣನ ಅಂಗಡಿಗೆ ಬಂದು ಬಿದ್ದವು. ಅವನು ಹನ್ನೆರಡು ತಗಡಿನ ಪೆಟ್ಟಿಗೆ ಮಾಡಿಸಿದ. ಪ್ರತಿ ಪೆಟ್ಟಿಗೆಯೊಳಗೆ ನಾಲ್ಕು ಡಬ್ಬಿಯನ್ನೂ ಇದ್ದಂತೆಯೇ ಇಟ್ಟು, ಒಂದು ಸ್ಕ್ರೂವನ್ನೂ ಮುಟ್ಟದೆ, ಎಲ್ಲಕ್ಕೂ ಸೇರಿ ಒಂದೇ ವೈರು ಹೊರಗೆ ತಂದು, ಮೇಲೆ ‘ಸರಳಗೊಳಿಸಲಾಗಿದೆ’ ಎಂದು ಬರೆದ.

“ಅದ್ಭುತ!” ಎಂದರು ಸಾಹೇಬರು. “ಆದರೆ ಇವು ಗೊರ್ ಅನ್ನುತ್ತಿವೆಯಲ್ಲ?”

“ಹೌದ್ರಿ. ಗೊರ್ ಅಂದ್ರ ಕೇಳಾಕತ್ತಾವ ಅಂತ ಅರ್ಥ ರಿ.”

ಮಲ್ಕಪ್ಪ ಈಗಲೂ ಬೆಳಿಗ್ಗೆ ಕೋಲು ಹಿಡಿದು, ಕಂಬಳಿ ಹೆಗಲಿಗೆ ಹಾಕಿ, ಕುರಿ ಹೊಡೆಯುವ ಹೊತ್ತಿಗೆ ಮನೆ ಬಿಡುತ್ತಿದ್ದ. ಹೊಳೆಯವರೆಗೆ ಹೋಗಿ, ಸ್ವಲ್ಪ ನಿಂತು, ಬರುತ್ತಿದ್ದ. ರೇಣಮ್ಮ ತಮ್ಮನೊಡನೆ ಮಾತು ಬಿಟ್ಟು ಒಂದು ತಿಂಗಳಾಯಿತು. ಒಂದು ಸಂತೆಯ ದಿನ ಅವಳೇ ಅಂಗಡಿಗೆ ಬಂದಳು. ಮತ್ತೆ ತುಂಬಿಟ್ಟಿದ್ದ ಬರಣಿಯನ್ನು ಕಪಾಟಿನಿಂದ ಇಳಿಸಿ, ಹಲಗೆಯ ಮೇಲೆ ಬಗ್ಗಿಸಿದಳು. ಒಂದು ಸಣ್ಣ ಚಕ್ರ ಎತ್ತಿ ಹಿಡಿದಳು.

“ಇದು ಯಾರದು?”

“ಹಜರಾಬೀ ಆಪಾಂದು.”

“ಕೊಟ್ಟ ಬಾ.”

ತಿಮ್ಮಣ್ಣ ಪಕ್ಕದ ಅಂಗಡಿಗೆ ಹೋಗಿ ಕೊಟ್ಟ. “ಈಗ್ಯಾಕೋ? ಗ್ವಾಡಿ ಚಟ್ನಿ ನಮಗ ರೂಢಿ ಆಗೈತಿ” ಎಂದಳು ಹಜರಾಬೀ, ರೇಣಮ್ಮನನ್ನು ಕಂಡು ಮಿಕ್ಸರನ್ನು ಸುಮ್ಮನೆ ತಂದು ಇಟ್ಟಳು.

“ಇದು?” “ಸಾವಿತ್ರಿಬಾಯಿ ಟೀಚರದು.” “ಇದು?” “ಕಿರಾಣಿ ಅಂಗಡಿ ತಕ್ಕಡಿದು.” “ತಕ್ಕಡಿದೂ ಬಿಡಲಿಲ್ಲೇನೋ? ಕೊಟ್ಟ ಬಾ.” ಹೀಗೆ ಸಂತೆ ಮುಗಿಯುವವರೆಗೆ ಅವನು ಮನೆಮನೆಗೆ ಓಡಾಡಿದ. ಚೆನ್ನಾಗಿಯೇ ಓಡುವ ಯಂತ್ರವನ್ನು ಮತ್ತೆ ಬಿಚ್ಚಲು ಬಂದವನನ್ನು ಜನ ಬೈದರು, ನಕ್ಕರು, ಒಬ್ಬರು ನಾಯಿ ಬಿಟ್ಟರು.

ಕೊನೆಗೆ ಹಲಗೆಯ ಮೇಲೆ ಒಂದೇ ಉಳಿಯಿತು. ರೇಣಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದಳು.

“ಇದು ಯಾರದು?”

ತಿಮ್ಮಣ್ಣ ಖಾಲಿ ಬರಣಿಯನ್ನು ಕಪಾಟಿಗೆ ಎತ್ತಿಟ್ಟ.

ಅವಳು ಇನ್ನೊಮ್ಮೆ ಕೇಳಲಿಲ್ಲ. ಹಿತ್ತಾಳೆಯ ನಾಲಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಕರಿಗಲ್ಲದ ಬಸ್ಸು ಹಿಡಿಯಲು ಇಳಿಜಾರು ಹತ್ತಿದಳು.